ಪ್ರಾಜೆಕ್ಟ್ ಅಪ್ಪ

ರಾತ್ರಿ ಹತ್ತೂವರೆಗೆ, ಸ್ಟೇಶನರಿ ಅಂಗಡಿಯವರು ಅರ್ಧ ಶಟರ್ ಇಳಿಸಿದ ಮೇಲೆ, ಅದರ ಕೆಳಗೆ ಬಗ್ಗಿ “ಥರ್ಮಾಕೋಲ್ ಸೀಟ್ ಐತೇನ್ರೀ?” ಎಂದು ಕೇಳುವವರನ್ನು ನೀವು ನೋಡಿರುತ್ತೀರಿ. ಕಾಲಲ್ಲಿ ಹೆಂಡತಿಯ ಚಪ್ಪಲಿ, ಕೈಯಲ್ಲಿ ಮೊಬೈಲು, ಮೊಬೈಲಿನಲ್ಲಿ ಶಾಲೆಯ ವಾಟ್ಸ್ಆ್ಯಪ್ ಗ್ರೂಪಿನ ಮೆಸೇಜು. ಇವರೇ ಪ್ರಾಜೆಕ್ಟ್ ಅಪ್ಪ. ಬಾಗಲಕೋಟೆಯ ನವನಗರದಲ್ಲಿ ಪ್ರತಿ ಸೆಕ್ಟರಿನಲ್ಲೂ ಸಿಗುತ್ತಾರೆ. ಬಾದಾಮಿ, ಹುನಗುಂದ, ಇಳಕಲ್ಲಿನಲ್ಲೂ ಇಂಗ್ಲಿಷ್ ಮೀಡಿಯಂ ಶಾಲೆಯ ಹಳದಿ ಬಸ್ಸು ಮುಟ್ಟಿದ ಓಣಿಗೆಲ್ಲ ಈ ತಳಿ ಹಬ್ಬಿದೆ.

ಹಗಲು ಹೊತ್ತು ಇವರು ಬ್ಯಾಂಕು, ಹೆಸ್ಕಾಂ, ನೀರಾವರಿ ಇಲಾಖೆ, ಸೀರೆ ಅಂಗಡಿ ಎಂದು ಹಂಚಿಹೋಗಿರುತ್ತಾರೆ. ರಾತ್ರಿಯಾದರೆ ಎಲ್ಲರೂ ಮೂರನೇ ಇಯತ್ತೆ. ಮಗಳು ನಾಲ್ಕಕ್ಕೆ ಪಾಸಾದ ವರ್ಷ ಇವರೂ ಪಾಸಾಗುತ್ತಾರೆ. “ನಮಗ ನಾಳೆ ಸಬ್‌ಮಿಶನ್ ಐತ್ರೀ, ಮದುವಿಗೆ ಬರಾಕ ಆಗೂದಿಲ್ಲ” ಎಂದು ಖಾಸಾ ತಮ್ಮನ ನಿಶ್ಚಿತಾರ್ಥವನ್ನೇ ತಪ್ಪಿಸಿಕೊಂಡವರು ನಮ್ಮ ಓಣಿಯಲ್ಲಿದ್ದಾರೆ. ಅದು ಮದುವೆಯಲ್ಲ, ನಿಶ್ಚಿತಾರ್ಥ ಎಂಬುದೂ ಅವರಿಗೆ ಆಮೇಲೆ ಗೊತ್ತಾಯಿತು.

ಇವರನ್ನು ಸುಮ್ಮನೆ ಬೈಯುವುದು ನ್ಯಾಯವಲ್ಲ. ಇವರು ಕನ್ನಡ ಸಾಲಿಗೆ ಹೋಗುತ್ತಿದ್ದ ಕಾಲಕ್ಕೆ ಮಕ್ಕಳಿಗೆ ಪ್ರಾಜೆಕ್ಟ್ ಎಂಬುದೇ ಇರಲಿಲ್ಲ. ಜಿಲ್ಲೆಯಲ್ಲಿ ಕೇಳಿಬರುತ್ತಿದ್ದ ಪ್ರಾಜೆಕ್ಟ್ ಒಂದೇ, ಕೃಷ್ಣಾ ಮೇಲ್ದಂಡೆ. ಅದಕ್ಕೆ 1964ರಲ್ಲಿ ಲಾಲ್ ಬಹಾದ್ದೂರ್ ಶಾಸ್ತ್ರಿಯವರು ಆಲಮಟ್ಟಿಯಲ್ಲಿ ಅಡಿಗಲ್ಲು ಹಾಕಿದರು. ಪೂರ್ತಿ ಸಬ್‌ಮಿಶನ್ ಇನ್ನೂ ಆಗಿಲ್ಲ. ಅಂಥ ವಾತಾವರಣದಲ್ಲಿ ಬೆಳೆದವರು ಮಗಳ ಪ್ರಾಜೆಕ್ಟನ್ನಾದರೂ ಹೇಳಿದ ತಾರೀಖಿಗೆ ಮುಗಿಸಬೇಕೆಂದು ಹಟ ಹಿಡಿದರೆ ತಪ್ಪೇನು?

ನಾನು ಹೇಳಹೊರಟ ನಮ್ಮ ನೆರೆಮನೆಯ ಪ್ರಾಜೆಕ್ಟ್ ಅಪ್ಪನಿಗೆ ಹೋದ ಡಿಸೆಂಬರಿನಲ್ಲಿ ಬಂದ ಮೆಸೇಜು ಹೀಗಿತ್ತು: ಕ್ರಿಸ್‌ಮಸ್ ನಿಮಿತ್ತ ಮಕ್ಕಳು ಮನೆಯಲ್ಲಿರುವ ಸಾಮಾನಿನಿಂದಲೇ ಸಾಂತಾ ಕ್ಲಾಸ್ ಇರುವ ಸ್ನೋ ಗ್ಲೋಬ್ ಮಾಡಿ ತರಬೇಕು, ಪಾಲಕರು ಸಹಾಯ ಮಾಡಬಾರದು. ಕೊನೆಯ ಸಾಲು ಇವರಿಗೆ ತಟ್ಟಲೇ ಇಲ್ಲ. ಇವರು ಸಹಾಯ ಮಾಡುವವರೇ ಅಲ್ಲ, ಪೂರ್ತಿ ತಾವೇ ಮಾಡುವವರು.

ಸ್ನೋ ಗ್ಲೋಬ್ ಅಂದರೆ ನೀರು ತುಂಬಿದ ಗಾಜಿನ ಗುಂಡು. ಒಳಗೊಂದು ಪುಟ್ಟ ಮನೆಯೋ ಗುಡಿಯೋ ಇರುತ್ತದೆ. ತಿರುವಿಹಾಕಿ ನಿಲ್ಲಿಸಿದರೆ ಅದರ ಮೇಲೆ ಹಿಮ ಇಳಿಯುತ್ತದೆ. ಹಿಮದ ಅನುಭವ ನಮ್ಮ ಕಡೆ ಯಾರಿಗಿದೆ? ಡಿಸೆಂಬರಿನಲ್ಲಿ ಬೆಳ್ಳಗೆ ಕಾಣುವುದು ಹೊಲದಲ್ಲಿ ಒಡೆದ ಹತ್ತಿ ಮಾತ್ರ. ಎಳ್ಳಮಾಸಿಯೂ ಅದರ ಆಸುಪಾಸಿನಲ್ಲೇ ಬರುತ್ತದೆ. ಸಜ್ಜಿರೊಟ್ಟಿ, ಶೇಂಗಾ ಹೋಳಿಗೆ ಕಟ್ಟಿಕೊಂಡು ಹೊಲಕ್ಕೆ ಚರಗ ಚೆಲ್ಲಲು ಹೋಗುವ ದಿನಗಳು. ಹಾಗಂತ ಕ್ರಿಸ್‌ಮಸ್ ಈ ಸೀಮೆಗೆ ಹೊಸದೇನಲ್ಲ. ಖಣಗಳ ಊರು ಗುಳೇದಗುಡ್ಡಕ್ಕೆ ಬಾಸೆಲ್ ಮಿಷನ್ನಿನವರು ಹತ್ತೊಂಬತ್ತನೇ ಶತಮಾನದಲ್ಲೇ ಬಂದಿದ್ದರು. ಹಿಮ ಸರಿಸಿ ಬಾಗಿಲು ತೆರೆಯುವ ದೇಶದವರು ಇಲ್ಲಿನ ಕೆಂಪು ಬಂಡೆಗಳ ನಡುವೆ ಹಬ್ಬ ಮಾಡಿದರು, ಗಾಜಿನ ಗುಂಡಿನ ಗೊಡವೆಯಿಲ್ಲದೆ.

ನಮ್ಮವರು ಮೊದಲು ಕೂತದ್ದು ಸಂಶೋಧನೆಗೆ. ಇದನ್ನು ಹುಟ್ಟಿಸಿದವನೆಂದು ಹೆಸರಾದವನು ವಿಯೆನ್ನಾದ ಎರ್ವಿನ್ ಪೆರ್ಜಿ, ಡಾಕ್ಟರುಗಳ ಶಸ್ತ್ರಚಿಕಿತ್ಸೆಯ ಸಾಮಾನು ಮಾಡುತ್ತಿದ್ದ ಕುಶಲಕರ್ಮಿ. ಕಾಲ 1900. ಆಗಿನ ಬಲ್ಬಿನ ಬೆಳಕು ಆಪರೇಶನ್ನಿಗೆ ಸಾಲುತ್ತಿರಲಿಲ್ಲ. ಅಲ್ಲಿನ ಚಪ್ಪಲಿ ಹೊಲಿಯುವವರು ದೀಪದ ಮುಂದೆ ನೀರು ತುಂಬಿದ ಗಾಜಿನ ಬುರುಡೆ ಇಟ್ಟು ಬೆಳಕನ್ನು ಒಂದೆಡೆ ಕೂಡಿಸುತ್ತಿದ್ದರು. ಅದನ್ನೇ ಹಿಡಿದುಕೊಂಡ ಪೆರ್ಜಿ, ಬೆಳಕು ಇನ್ನಷ್ಟು ಹೊಳೆಯಲಿ ಎಂದು ನೀರಿನೊಳಗೆ ಏನೇನೋ ಉದುರಿಸಿ ನೋಡಿದ. ಕಡೆಗೆ ಕೈಗೆ ಸಿಕ್ಕಿದ್ದು ಅಡುಗೆಮನೆಯ ರವೆ. ಬೆಳಕು ಹೆಚ್ಚಲಿಲ್ಲ, ರವೆ ಮಾತ್ರ ಹಿಮದಂತೆ ಮೆಲ್ಲಗೆ ಇಳಿಯಿತು. ಒಳಗೆ ಮರಿಯಾತ್ಸೆಲ್ ಎಂಬ ಯಾತ್ರಾಸ್ಥಳದ ಇಗರ್ಜಿಯ ಪುಟ್ಟ ಪ್ರತಿರೂಪ ಕೂಡಿಸಿದ. ಪೇಟೆಂಟ್ ಸಿಕ್ಕಿತು. ಮನೆತನದವರು ಇವತ್ತಿಗೂ ವಿಯೆನ್ನಾದಲ್ಲಿ ಇದನ್ನೇ ಮಾಡುತ್ತಾರೆ, ಈಗ ಹಿಮಕ್ಕೆ ಏನು ಹಾಕುತ್ತಾರೆ ಎಂಬುದನ್ನು ಮಾತ್ರ ಬಾಯಿ ಬಿಡುವುದಿಲ್ಲ.

“ರವಾ!” ಎಂದು ನಮ್ಮವರು ಕೂಗಿದ್ದು ನಮ್ಮ ಮನೆಗೂ ಕೇಳಿಸಿತು. ಉಪ್ಪಿಟ್ಟಿನ ನಾಡಿನಲ್ಲಿ ಹುಟ್ಟಿ, ವಿಯೆನ್ನಾದವನು ರವೆಯಲ್ಲಿ ಕಂಡದ್ದನ್ನು ನಾವು ಕಾಣಲಿಲ್ಲವಲ್ಲ ಎಂಬ ದುಃಖ ಆ ಕೂಗಿನಲ್ಲಿತ್ತು. ನೀರು ಕುದಿಸಿ ಹಾಕಿದರೆ ಪಾಚಿ ಕಟ್ಟುವುದಿಲ್ಲ ಎಂದು ಮೊಬೈಲು ಹೇಳಿತ್ತು. ಕುದಿಸಿದರು. ಆರಿಸಿ ಹಾಕಬೇಕು ಎಂದೂ ಅದು ಹೇಳಿತ್ತು. ಅಷ್ಟರಲ್ಲಿ ಇವರ ತಾಳ್ಮೆ ಆರಿತ್ತು. ಉಪ್ಪಿನಕಾಯಿಯ ಗಾಜಿನ ಬಾಟಲಿಗೆ ಬಿಸಿನೀರು ಸುರಿದು, ಮೇಲೆ ಸಣ್ಣ ರವೆ ಉದುರಿಸಿ, ಮುಚ್ಚಳ ಹಾಕಿ ಅಲುಗಾಡಿಸಿದರು. ಹೆಂಡತಿ ಅಡುಗೆಮನೆಯಿಂದ ಇಣುಕಿದರು.

“ಅಲ್ರೀ, ಹಿಮಾ ಬೀಳಾಕತ್ತೈತೋ, ಉಪ್ಪಿಟ್ಟು ಕುದ್ಯಾಕತ್ತೈತೋ?”

“ಸುಮ್ನಿರು. ವಿಯೆನ್ನಾದಾಗ ಹಿಂಗ ಮಾಡ್ತಾರ.”

“ಕುದ್ದ ನೀರಿಗೆ ರವಾ ಹಾಕಿದ್ರ ಏನಾಗತೈತಿ ಅಂತ ನನ್ನ ಕೇಳಿದ್ರ ನಾನ ಹೇಳ್ತಿದ್ದೆ. ಅದಕ್ಕ ವಿಯೆನ್ನಾದ ತನಕ ಹೋಗಬೇಕಿತ್ತೇನು?”

ಬಾಟಲಿಯ ತಳಕ್ಕೆ ಅಂಬಲಿ, ಮೇಲಕ್ಕೆ ಮಾವಿನಕಾಯಿ ಉಪ್ಪಿನಕಾಯಿಯ ಎಣ್ಣೆಯ ಕೆಂಪು ಉಂಗುರ. ಪ್ರಾಜೆಕ್ಟ್ ಅಪ್ಪನ ಗುಣವೇನೆಂದರೆ ಅವರು ಸೋಲುವುದಿಲ್ಲ, ವಿನ್ಯಾಸ ಬದಲಿಸುತ್ತಾರೆ. ಮಿಸ್ ಕೇಳಿದ್ದು ಸಾಂತಾ ಕ್ಲಾಸ್ ಒಂದನ್ನೇ. ಆದರೆ ಪೆರ್ಜಿಯ ಮೊದಲ ಗ್ಲೋಬಿನಲ್ಲೇ ಯಾತ್ರಾಸ್ಥಳದ ಗುಡಿಯಿದ್ದ ಮೇಲೆ ನಾವೇಕೆ ಬಿಡಬೇಕು? ಬಾದಾಮಿಯ ಅಗಸ್ತ್ಯ ತೀರ್ಥದ ದಂಡೆಯ ಭೂತನಾಥ ಗುಡಿಯನ್ನು ಕೂಡಿಸುವುದೆಂದು ನಿಶ್ಚಯವಾಯಿತು. ಹೇಗೂ ಅದು ಅರ್ಧ ನೀರಿಗಿಳಿದಂತೆ ಕಾಣುವ ಗುಡಿ, ಇನ್ನರ್ಧ ಇಳಿಸಿದರಾಯಿತು. ಚಾಲುಕ್ಯರು ಬಂಡೆ ಕೊರೆದದ್ದಕ್ಕಿಂತ ಹೆಚ್ಚಿನ ಏಕಾಗ್ರತೆಯಿಂದ ಬ್ಲೇಡಿನಲ್ಲಿ ಥರ್ಮಾಕೋಲ್ ಕೊರೆದು, ಶಿಖರಕ್ಕೆ ಮೆಟ್ಟಿಲು ಮೆಟ್ಟಿಲಾಗಿ ಪದರು ಕೂಡಿಸಿ, ಮರಳುಗಲ್ಲಿನ ಬಣ್ಣ ಬಳಿದರು. ಮಗಳು ಪೂರ್ತಿ ಸಮಯ ಟಾರ್ಚ್ ಹಿಡಿಯುವ ಇಲಾಖೆಯಲ್ಲಿದ್ದಳು. ಒಮ್ಮೆ ಬಣ್ಣದ ಬ್ರಶ್ಶಿಗೆ ಕೈ ಹಾಕಿದ್ದಕ್ಕೆ “ಏ, ನಿನ್ನ ಪ್ರಾಜೆಕ್ಟ್ ಹಾಳ ಮಾಡ್ತಿ ನೋಡು!” ಎಂದು ಬೈಸಿಕೊಂಡಳು.

ಥರ್ಮಾಕೋಲ್ ತೇಲುತ್ತದೆ ಎಂಬುದು ಮೂರನೇ ಇಯತ್ತೆಯ ವಿಜ್ಞಾನ. ನೀರು ತುಂಬಿದ ಮೇಲೆ ಭೂತನಾಥ ಗುಡಿ ತಳ ಬಿಟ್ಟು ನೇರವಾಗಿ ಮುಚ್ಚಳಕ್ಕೆ ಬಡಿಯಿತು. ಅಂಟಿಸಿದ್ದು ಮಕ್ಕಳ ಬಿಳಿ ಗೋಂದು. ನೀರು ಕಂಡೊಡನೆ ಅದು ಹಾಲಾಗಿ ಕರಗಿ ಒಳಗೆಲ್ಲ ಮಂಜು ಮುಸುಕಿತು. ಆ ಮಂಜಿನೊಳಗಿಂದ ಫ್ಯಾನ್ಸಿ ಸ್ಟೋರಿನ ಸಾಂತಾ ಕ್ಲಾಸ್ ಮೊಗ ಕೆಳಗಾಗಿ ತೇಲಿಬಂದ.

“ಪಪ್ಪಾ, ಸಾಂತಾಗ ಈಜಾಕ ಬರೂದಿಲ್ಲೇನು?” ಎಂದಳು ಮಗಳು.

ರವಿವಾರ ಇಡೀ ಕುಟುಂಬ ಇಳಕಲ್ಲಿಗೆ ಹೊರಟಿತು. ಅಲ್ಲಿ ಮಗಳ ಸೋದರಮಾವನ ಮನೆ. ಅಮೀನಗಡದಲ್ಲಿ ಕರದಂಟು ಕಟ್ಟಿಸಿಕೊಂಡಾಗ ಅಜ್ಜಿ, “ಇದರೊಳಗಿನ ಅಂಟು ನನ್ನ ಹಲ್ಲಿಗೆ ಹತ್ತಿದ್ದು ಇನ್ನೂ ಬಿಟ್ಟಿಲ್ಲ. ಅದನ್ನ ಹಚ್ಚಿದ್ರ ನಿನ್ನ ಗುಡಿ ಏಳತಿದ್ದಿಲ್ಲ ತಮ್ಮಾ” ಎಂದು ಮಗನಿಗೆ ತಾಂತ್ರಿಕ ಸಲಹೆ ಕೊಟ್ಟರು. ಹುನಗುಂದದ ಹತ್ತಿರ ಇವರು ಕಾರು ತಿರುಗಿಸಿ ಕೂಡಲಸಂಗಮಕ್ಕೆ ಹೋದದ್ದು ಭಕ್ತಿಗೋ ಪ್ರಾಜೆಕ್ಟಿಗೋ ದೇವರಿಗೇ ಗೊತ್ತು. ಬಸವಣ್ಣನವರ ಐಕ್ಯಮಂಟಪವನ್ನು ಅಣೆಕಟ್ಟಿನ ಹಿನ್ನೀರು ಮುಳುಗಿಸದಂತೆ ಸುತ್ತ ಬಾವಿಯ ಹಾಗೆ ಗೋಡೆ ಕಟ್ಟಿ ಉಳಿಸಿಕೊಂಡಿದ್ದಾರೆ. ಮೆಟ್ಟಿಲಿಳಿದು ಕೆಳಗೆ ಹೋಗಿ ದರ್ಶನ ಮಾಡಬೇಕು. ಎಲ್ಲರೂ ಕೈ ಮುಗಿದರೆ ಇವರು ಗೋಡೆ ಸವರಿ ನೋಡಿದರು. “ನೀರು ಹೊರಗ, ಗುಡಿ ಒಳಗ. ನಂದರ ಉಲ್ಟಾ. ಆದ್ರೂ ಎಂಥಾ ಸೀಲಿಂಗ್ ನೋಡು!”

ಇಳಕಲ್ಲಿನಲ್ಲಿ ಸೋದರಮಾವನೂ ಪ್ರಾಜೆಕ್ಟ್ ಅಪ್ಪನೇ. ಅವರ ಮಗ ಎರಡನೇ ಇಯತ್ತೆ, ಹಾಗಾಗಿ ಅವರು ಇವರಿಗೆ ಒಂದು ವರ್ಷ ಜೂನಿಯರ್. ಸೀರೆ ವ್ಯಾಪಾರದ ಮನೆ. ಒಡಲಿನ ಎಳೆಗಳಿಗೆ ಸೆರಗಿನ ಎಳೆಗಳನ್ನು ಒಂದೊಂದಾಗಿ ಕೊಂಡಿ ಹಾಕಿ ಜೋಡಿಸುವ ತೋಪು ತೆನಿ ಇಲ್ಲಿನವರ ಕೈಚಳಕ. ಅಂಥ ಊರಿನಲ್ಲಿ ಕೂತು ಒಂದು ಬಾಟಲಿಗೆ ಒಂದು ಮುಚ್ಚಳ ಜೋಡಿಸಲು ಇಬ್ಬರು ಗಂಡಸರು ಮಧ್ಯಾಹ್ನ ಪೂರ್ತಿ ಚರ್ಚಿಸಿದರು. ಹಿಮಕ್ಕೆ ಸೋದರಮಾವ ಸೂಚಿಸಿದ್ದು ತಮ್ಮೂರಿನ ಗ್ರಾನೈಟ್ ಪುಡಿ. ಇಳಕಲ್ಲಿನ ಕಲ್ಲು ಕೆಂಪು ಎಂಬುದನ್ನು ಊರಾಭಿಮಾನದಲ್ಲಿ ಮರೆತಿದ್ದರು. ಬಾಟಲಿ ತಿರುವಿದ ಕೂಡಲೇ ಸಾಂತಾನ ಮೇಲೆ ಗುಲಾಬಿ ಧೂಳು ಸುರಿಯಿತು. ಹಲಗಿ ಬಾರಿಸುವುದೊಂದೇ ಬಾಕಿ. ಬಂಡಿಗಳಲ್ಲಿ ಬಣ್ಣ ತುಂಬಿಕೊಂಡು ದಿನಗಟ್ಟಲೆ ಆಡುವ ಬಾಗಲಕೋಟೆಯ ಹೋಳಿ ಕ್ರಿಸ್‌ಮಸ್ಸಿಗೇ ಬಂದಿತ್ತು.

ಮುಂದಿನ ಅಧ್ಯಾಯ ಗುಟ್ಟಿನದು. ತತ್ತಿಯ ಸಿಪ್ಪೆಯನ್ನು ಸಣ್ಣಗೆ ಕುಟ್ಟಿ ಹಾಕಿದರೆ ಒಳ್ಳೆಯ ಹಿಮವಾಗುತ್ತದೆ ಎಂದು ಮೊಬೈಲು ಹೇಳಿತು. ಮನೆಯಲ್ಲಿ ದಿನಾ ಲಿಂಗಪೂಜೆ. ಇವರು ಸಂಜೆ ಮಫ್ಲರಿನಲ್ಲಿ ಮುಖ ಸುತ್ತಿಕೊಂಡು ಆಮ್ಲೆಟ್ ಗಾಡಿಯ ಹಿಂದೆ ನಿಂತು, ಸಿಪ್ಪೆಗಳನ್ನು ಪೇಪರಿನಲ್ಲಿ ಸುತ್ತಿ ತಂದರು. ಗಾಡಿಯವನು ಜೀವಮಾನದಲ್ಲೇ ಮೊದಲ ಸಲ ಒಳಗಿನದು ಬಿಟ್ಟು ಹೊರಗಿನದನ್ನು ಕೇಳಿದ ಗಿರಾಕಿಯನ್ನು ಕಂಡ. ಹೊರಸಿನ ಮೇಲಿದ್ದ ಅಜ್ಜಿ “ಏನ್ಲೇ ಅದು?” ಎಂದಾಗ “ಸುಣ್ಣದ ಪುಡಿ ಬೇ” ಎಂದರು. ರಸಾಯನಶಾಸ್ತ್ರದ ಪ್ರಕಾರ ಸುಳ್ಳಲ್ಲ. ನಮ್ಮೂರಿನ ಸಿಮೆಂಟ್ ಕಾರ್ಖಾನೆ ನಂಬಿಕೊಂಡಿರುವ ಸುಣ್ಣದಕಲ್ಲು, ತತ್ತಿಯ ಸಿಪ್ಪೆ, ಎರಡರ ಮೂಲವಸ್ತುವೂ ಕ್ಯಾಲ್ಸಿಯಂ ಕಾರ್ಬೊನೇಟ್. ಆದರೆ ಕಲ್ಲಿನ ಗುಣ ಬಿಟ್ಟೀತೆ? ಅದು ಹಿಮದಂತೆ ಇಳಿಯಲಿಲ್ಲ, ಆಲಿಕಲ್ಲಿನಂತೆ ಬಿತ್ತು.

ಕೊನೆಗೆ ದಾರಿ ತೋರಿಸಿದ್ದು ಮೆಡಿಕಲ್ ಶಾಪು. ಗ್ಲಿಸರಿನ್ ಕೇಳಿದಾಗ ಅಂಗಡಿಯವರು “ಹಿಮ್ಮಡ ಒಡದಾವೇನ್ರೀ?” ಎಂದರು, ಚಳಿಗಾಲದಲ್ಲಿ ನಮ್ಮವರು ಗ್ಲಿಸರಿನ್ ಕೊಳ್ಳುವುದು ಅದಕ್ಕೇ. “ಇಲ್ರೀ, ತಲಿ ಒಡದೈತಿ” ಎಂದು ತಂದರು. ಗ್ಲಿಸರಿನ್ ಬೆರೆತರೆ ನೀರು ಗಟ್ಟಿಯಾಗುತ್ತದೆ, ಬೀಳುವ ವಸ್ತುವಿಗೆ ಅವಸರ ತಪ್ಪುತ್ತದೆ. ಬೋರಿನ ನೀರಾದರೆ ಗಾಜಿಗೆ ಬಿಳಿ ಪದರು ಹಿಡಿಯುತ್ತದೆಂದು, ಕಾಯಿನ್ ಹಾಕಿ ಶುದ್ಧ ನೀರಿನ ಘಟಕದಿಂದ ಕ್ಯಾನ್ ತಂದು, ಕುದಿಸಿ, ಈ ಸಲ ನಿಜವಾಗಿಯೂ ಆರಿಸಿದರು. ಹಿಮದ ಬದಲು ಬೆಳ್ಳಿ ಚಮಕಿ. ಗುಡಿಯನ್ನು ಕೈಬಿಟ್ಟು, ಸಾಂತಾನನ್ನು ಮಾತ್ರ ಮುಚ್ಚಳದ ಒಳಬದಿಗೆ ಎರಡು ಟ್ಯೂಬ್ ಕಲಸುವ ಅರಾಲ್ಡೈಟಿನಿಂದ ಅಂಟಿಸಿ ರಾತ್ರಿಯಿಡೀ ಒಣಗಲು ಬಿಟ್ಟರು. ಒಣಗಿತೋ ಇಲ್ಲವೋ ಎಂದು ಎದ್ದೆದ್ದು ಮುಟ್ಟಿ ನೋಡಿದ್ದರಿಂದ ಸಾಂತಾನ ಬೆನ್ನಿನ ಮೇಲೆ ಇವರ ಹೆಬ್ಬೆಟ್ಟಿನ ಗುರುತು ಶಾಶ್ವತವಾಗಿ ಉಳಿಯಿತು. ಮಿಸ್ ಮನಸ್ಸು ಮಾಡಿದ್ದರೆ ಯಾರು ಮಾಡಿದ್ದೆಂದು ಆಧಾರ್ ಯಂತ್ರದಲ್ಲೇ ಪತ್ತೆ ಹಚ್ಚಬಹುದಿತ್ತು.

ಬಾಟಲಿಯನ್ನು ಕಂಠದ ತನಕ ತುಂಬಿ, ಸಾಂತಾನನ್ನು ತಲೆಕೆಳಗಾಗಿ ಇಳಿಸಿದಾಗ ಆರ್ಕಿಮಿಡೀಸ್ ತನ್ನ ಕೆಲಸ ಮಾಡಿದ. ಸಾಂತಾ ಎಷ್ಟು ಜಾಗ ಹಿಡಿದನೋ ಅಷ್ಟು ನೀರು ಹೊರಬಂದು ಮೇಜಿನ ಮೇಲಿದ್ದ ಗಣಿತದ ನೋಟ್‌ಬುಕ್ಕು, ಕರೆಂಟ್ ಬಿಲ್ಲು, ಸೋದರಮಾವ ಕೊಟ್ಟ ಹೊಸ ಸೀರೆಯ ಸೆರಗು, ಎಲ್ಲವೂ ಹಿನ್ನೀರಿನ ಸಂತ್ರಸ್ತರಾದವು. ಹೆಂಡತಿ ಪರಿಹಾರಕ್ಕೆ ಪಟ್ಟು ಹಿಡಿದರು. ಹೊರಸಿನಿಂದ ಅಜ್ಜಿ ನಕ್ಕರು. ಆಲಮಟ್ಟಿಯ ಹಿನ್ನೀರಿಗೆ ಹಳೇ ಬಾಗಲಕೋಟೆಯಲ್ಲಿ ಮನೆ ಕಳೆದುಕೊಂಡು ನವನಗರಕ್ಕೆ ಬಂದವರು ಅವರು, ಅಣೆಕಟ್ಟಿನ 519.60, 524.256 ಮೀಟರ್ ಎಂಬ ಎರಡು ಎತ್ತರಗಳನ್ನು ಮಂತ್ರದ ಹಾಗೆ ಹೇಳಬಲ್ಲರು.

“ಲೆವೆಲ್ ನೋಡಿ ತುಂಬಬೇಕಪ್ಪಾ. ಒಂದು ಗೊಂಬಿ ನೀರಾಗ ಇಡಾಕ ಎಷ್ಟು ಒದ್ದಾಡ್ತಿ! ಆಲಮಟ್ಟಿಯವರನ್ನ ಕೇಳಿದ್ರ ಇಡೀ ಊರನ್ನ ಇಟ್ಟು ತೋರಿಸ್ತಿದ್ರು.”

ಮುಚ್ಚಳದ ಸುತ್ತ ಎಂ-ಸೀಲ್ ಮೆತ್ತಿ, ಕೆಂಪು ಖಣದ ತುಂಡಿನಿಂದ ಅದನ್ನು ಮುಚ್ಚಿ, ಗ್ಲೋಬು ಸ್ಕೂಟರಿನ ಮುಂದೆ ಕೂತು ಶಾಲೆಗೆ ಹೋಯಿತು. ಮಗಳು ಹಿಂದೆ ಕೂತಳು. ಗೇಟಿನ ಹತ್ತಿರ ಅಪ್ಪಂದಿರ ಸಂತೆಯೇ ನೆರೆದಿತ್ತು. ಒಬ್ಬರ ಗ್ಲೋಬಿನಲ್ಲಿ ಬ್ಯಾಟರಿ ಲೈಟು, ಇನ್ನೊಬ್ಬರದರಲ್ಲಿ ಫಿಶ್ ಟ್ಯಾಂಕಿನ ಮೋಟಾರು. ಎಲ್ಲರೂ ಪರಸ್ಪರರ ಬಾಟಲಿಯನ್ನು ತಿರುವಿ, “ಚಲೋ ಮಾಡ್ಯಾನ್ರೀ ನಿಮ್ಮ ಮಗಾ” ಎಂದು ಒಬ್ಬರಿಗೊಬ್ಬರು ಹೇಳಿಕೊಳ್ಳುತ್ತಿದ್ದರು. ಮಕ್ಕಳು ಆಚೆ ಮೂಲೆಯಲ್ಲಿ ಕುಂಟಾಬಿಲ್ಲೆ ಆಡುತ್ತಿದ್ದವು.

ಕ್ಲಾಸಿನಲ್ಲಿ ಮಿಸ್ ಗ್ಲೋಬನ್ನು ಎತ್ತಿ ಹಿಡಿದು, “ಭಾಳ ಛಂದ ಐತಿ! ಹೆಂಗ ಮಾಡಿದಿ ಪುಟ್ಟಾ?” ಎಂದು ಕೇಳಿದರಂತೆ.

“ನಾ ಮುಟ್ಟಿಲ್ರೀ ಮಿಸ್,” ಎಂದಳಂತೆ ಹುಡುಗಿ, ಬೈಸಿಕೊಳ್ಳುವ ಭಯದಲ್ಲಿ. “ದೂರ ನಿಂತು ನೋಡೀನ್ರೀ ಅಷ್ಟ.”

ಎ ಪ್ಲಸ್ ಬಂತು. ಬ್ಯಾಟರಿ ಲೈಟಿನವರಿಗೆ ಎ ಪ್ಲಸ್ ಜೊತೆಗೆ ಒಂದು ಸ್ಟಾರೂ ಬಂತೆಂದು ಗೊತ್ತಾಗಿ ನಮ್ಮವರು ಆ ವಾರ ಸರಿಯಾಗಿ ಊಟ ಮಾಡಲಿಲ್ಲ. ಬನಶಂಕರಿ ಜಾತ್ರೆಗೆ ಹೋದಾಗಲೂ ನಾಟಕದ ಟೆಂಟಿನೊಳಗೆ ಕೂರದೆ, ಹಿಂದೆ ಹೋಗಿ ಸೀನರಿಯ ಲೈಟಿಂಗ್ ಹೇಗೆ ಮಾಡುತ್ತಾರೆಂದು ವಿಚಾರಿಸಿ ಬಂದರು. ಗ್ಲೋಬು ಈಗ ಶೋಕೇಸಿನಲ್ಲಿದೆ, ಸಣ್ಣಗೆ ಜಿನುಗುತ್ತಿದೆ, ಅಡಿಗೊಂದು ತಟ್ಟೆ ಇಟ್ಟಿದ್ದಾರೆ. ಮಗಳಿಗೆ ಮುಟ್ಟಲು ಇನ್ನೂ ಪರ್ಮಿಶನ್ ಸಿಕ್ಕಿಲ್ಲ.

ಮಿಸ್‌ಗಳಲ್ಲಿ ಒಂದೇ ವಿನಂತಿ. ಬರುವ ಡಿಸೆಂಬರಿನಲ್ಲೂ ಪ್ರಾಜೆಕ್ಟ್ ಕೊಡುವುದಾದರೆ ದಯವಿಟ್ಟು ಆ ಸ್ಟಾರನ್ನು ಎಲ್ಲರಿಗೂ ಕೊಟ್ಟುಬಿಡಿ. ಮಕ್ಕಳು ಹೇಗೋ ತಡೆದುಕೊಳ್ಳುತ್ತಾರೆ, ಅಪ್ಪಂದಿರನ್ನು ಸಮಾಧಾನ ಮಾಡುವುದು ಮನೆಯವರಿಗೆ ಬಹಳ ಕಷ್ಟವಾಗುತ್ತಿದೆ.