ಆನೆಯ ಸರ್ಟಿಫಿಕೇಟು

ಮೆಲ್ಬರ್ನಿನಲ್ಲಿ ಓದುತ್ತಿರುವ ಅಕ್ಕನ ಮಗಳಿಗೆ ಪರೀಕ್ಷೆ ಹೊತ್ತಿಗೆ ಸರಿಯಾಗಿ ಮನಸ್ಸು ನೆಟ್ಟಗಿರಲಿಲ್ಲವಂತೆ. ಮೊಬೈಲಿನಲ್ಲೇ ‘ಸ್ಪೆಷಲ್ ಕನ್ಸಿಡರೇಷನ್’ ಅರ್ಜಿ ಹಾಕಿದಳು, ಪರೀಕ್ಷೆ ಮುಂದಕ್ಕೆ ಹೋಯಿತು. "ಅಷ್ಟೇ ಮಾವ" ಅಂದಳು. ಆ ‘ಅಷ್ಟೇ’ ಕೇಳಿ ನನಗೆ ಬಂದ ಹೊಟ್ಟೆಕಿಚ್ಚು ಇನ್ನೂ ಇಳಿದಿಲ್ಲ.

ನಮ್ಮ ಕಾಲೇಜಿನಲ್ಲಿ ಅಂಥ ಅರ್ಜಿ ಹಾಕಬೇಕಾಗುತ್ತಿದ್ದುದು ಶಾರ್ಟೇಜಿಗೆ. ಶೇ 75 ಹಾಜರಾತಿ ಇಲ್ಲದವರ ಪಟ್ಟಿ ನೋಟಿಸ್ ಬೋರ್ಡಿಗೆ ಬಿದ್ದರೆ ಅದರಲ್ಲಿ ಯಳಂದೂರಿನವರು ಅಪರೂಪ, ಕೊಳ್ಳೇಗಾಲ ಪೇಟೆಯವರು ಇಲ್ಲವೇ ಇಲ್ಲ. ಹನೂರಿನಿಂದಾಚೆಯ ನಾವೇ ಉದ್ದಕ್ಕೂ. ಮಲೆ ಮಹದೇಶ್ವರ ಬೆಟ್ಟದಿಂದ ಇಳಿಯುವ ಬಸ್ಸು ನಮ್ಮ ಕೌದಳ್ಳಿಗೆ ಬಂದರೆ ನನಗೆ ಕಾಲೇಜು, ಬರದಿದ್ದರೆ ಇಲ್ಲ. ಅಮಾವಾಸ್ಯೆಗೆ ಬಸ್ಸುಗಳೆಲ್ಲ ಮಾದಪ್ಪನ ಪಾಲು. ಶಿವರಾತ್ರಿ, ಯುಗಾದಿ, ದೀಪಾವಳಿ ಜಾತ್ರೆಗಳ ಮಾತು ಬೇಡ, ಆಗ ಬಸ್ಸು ಬಂದರೂ ನಾನೇ ಉಘೇ ಉಘೇ ಅನ್ನುತ್ತ ಎದುರು ದಿಕ್ಕಿಗೆ ನಡೆದಿರುತ್ತಿದ್ದೆ. ಮಿಕ್ಕ ದಿನಗಳಿಗೆ ಆನೆ.

ಅರ್ಜಿಯಲ್ಲಿ ನಿಜವನ್ನೇ ಬರೆದೆ. ‘ವಿಷಯ: ಆನೆ ಅಡ್ಡ ಬಂದ ಕಾರಣ ಹಾಜರಾತಿ ಕೊರತೆ ಮನ್ನಾ ಮಾಡುವ ಬಗ್ಗೆ.’ ಗುಮಾಸ್ತರು ಕನ್ನಡಕ ಏರಿಸಿದರು.

"ಲಗತ್ತು ಎಲ್ಲಿ?"

"ಯಾವ ಲಗತ್ತು ಸಾರ್?"

"ಆನೆ ಬಂದಿತ್ತು ಅನ್ನೋದಕ್ಕೆ. ನೀನು ಕಣ್ಣಾರೆ ಕಂಡ್ಯಾ?"

"ಇಲ್ಲ ಸಾರ್, ಕಂಡಕ್ಟರ್ ಹೇಳಿದ್ರು."

"ಕಂಡಕ್ಟರ್ ಗೆಜೆಟೆಡ್ ಆಫೀಸರ್ರಾ?"

ಇದೆಲ್ಲ ಮೈಸೂರು ವಿಶ್ವವಿದ್ಯಾಲಯದ ಕ್ರಾಫರ್ಡ್ ಹಾಲ್‌ವರೆಗೂ ಹೋಗುವ ಕಾಗದ, ತಮಾಷೆಯಲ್ಲ ಎಂದು ಅರ್ಜಿಯನ್ನು ಹಿಂದಕ್ಕೆ ತಳ್ಳಿದರು.

ರಾತ್ರಿಯೆಲ್ಲ ಮಗ್ಗಲು ಬದಲಿಸುತ್ತ ಆನೆಯ ಪರವಾಗಿ ನಾನೇ ಒಂದು ದೃಢೀಕರಣ ಪತ್ರ ಕಟ್ಟಿದೆ. ‘ಸದರಿ ವಿದ್ಯಾರ್ಥಿಯು ಬರಬೇಕಿದ್ದ ಬಸ್ಸನ್ನು ತಾಳಬೆಟ್ಟದ ಮೇಲಿನ ತಿರುವಿನಲ್ಲಿ ಯಾರ ಒತ್ತಡಕ್ಕೂ ಒಳಗಾಗದೆ, ಸ್ವಸ್ಥ ಚಿತ್ತದಿಂದ ತಡೆದು ನಿಲ್ಲಿಸಿರುತ್ತೇನೆ.’ ಕೆಳಗೆ ಹೆಬ್ಬೆಟ್ಟು. ಆನೆಗೆ ಹೆಬ್ಬೆಟ್ಟು ಯಾವುದು? ಇಡೀ ಪಾದವೇ ಸರಿ. ಅದಕ್ಕೆ ಫುಲ್‌ಸ್ಕೇಪ್ ಹಾಳೆ ಸಾಲದು, ನಾಲ್ಕು ಅಂಟಿಸಬೇಕು. ಅಂಟಿಸಿದರೆ ಜೋಡಣೆ ಜೋಡಣೆಗೂ ಸಹಿ ಬೇಕು. ಪಾದ ಒತ್ತುವಾಗ ಸಾಕ್ಷಿಗಳಿಬ್ಬರು ಪಕ್ಕದಲ್ಲಿರಬೇಕು. ಒತ್ತಿದ ಮೇಲೂ ಇಬ್ಬರೂ ಇರಬೇಕು. ಖಾಯಂ ವಿಳಾಸ: ಎಪ್ಪತ್ತೇಳು ಮಲೆ. ಅಕಸ್ಮಾತ್ ಅದು ಸತ್ಯಮಂಗಲದ ಕಾಡಿನಿಂದ ದಾಟಿ ಬಂದ ಆನೆಯಾದರೆ? ಹೊರರಾಜ್ಯದ್ದು, ಅದರ ಸಾಕ್ಷ್ಯ ಇಲ್ಲಿ ಊರ್ಜಿತವೇ? 1956ಕ್ಕೆ ಮುಂಚೆಯಾಗಿದ್ದರೆ ಕೊಳ್ಳೇಗಾಲವೇ ಮದ್ರಾಸಿನ ಕೊಯಮತ್ತೂರು ಜಿಲ್ಲೆಗೆ ಸೇರಿತ್ತು, ಆನೆಗೂ ನನಗೂ ಒಂದೇ ಸರ್ಕಾರ. ರಾಜ್ಯ ಪುನರ್ವಿಂಗಡಣೆಯಿಂದ ನನ್ನಷ್ಟು ನೊಂದ ವಿದ್ಯಾರ್ಥಿ ಇರಲಾರ ಎಂದುಕೊಂಡಾಗ ಕೋಳಿ ಕೂಗಿತು.

ಬೆಳಗ್ಗೆ ಸೀನಿಯರ್ ಒಬ್ಬ ಒಂದೇ ಮಾತಿನಲ್ಲಿ ಬಗೆಹರಿಸಿದ: "ಆನೆ ಬುಡು. ಜ್ವರ ಬರಿ ಕಣ್ಲಾ."

ಜ್ವರದಲ್ಲೂ ತರತಮವಿದೆ. ನೆಗಡಿಗೆ ಕಿಮ್ಮತ್ತಿಲ್ಲ, ಕಾಮಾಲೆ ಅಂದರೆ ಊರಲ್ಲಿ ಸುದ್ದಿಯಾಗುತ್ತದೆ. ಟೈಫಾಯ್ಡ್ ಮರ್ಯಾದಸ್ಥ ಕಾಯಿಲೆ. ಒಬ್ಬ ಡಾಕ್ಟರು ನಾಡಿ ಮುಟ್ಟದೆ "ಎಷ್ಟು ದಿನದ್ದು ಬೇಕಪ್ಪ?" ಅಂದರು. ನನ್ನದು ಪಾಸಾದದ್ದೇ ತಡ, ನಮ್ಮ ರೂಟಿನ ಹುಡುಗರೆಲ್ಲ ನನ್ನಿಂದಲೇ ಅರ್ಜಿ ಬರೆಸಿಕೊಂಡರು. ಬರೆಯುವ ಉಮೇದಿನಲ್ಲಿ ನಾನು ಕಾಯಿಲೆ ಬದಲಿಸುವುದನ್ನೇ ಮರೆತೆ. ಒಂದೇ ರಸ್ತೆಯ ಅಷ್ಟೂ ಜನಕ್ಕೆ ಒಂದೇ ತಿಂಗಳಲ್ಲಿ ಟೈಫಾಯ್ಡ್! ಯಾರು ಸುದ್ದಿ ಮುಟ್ಟಿಸಿದರೋ, ಆರೋಗ್ಯದವರು ಜೀಪಿನಲ್ಲಿ ಬಂದು ನಮ್ಮೂರ ನೀರಿನ ಟ್ಯಾಂಕಿಗೆ ಬ್ಲೀಚಿಂಗ್ ಪೌಡರ್ ಸುರಿದರು. ಕಾಫಿ, ಸಾರು, ಕೊನೆಗೆ ಮಾದಪ್ಪನ ತೀರ್ಥ ಕೂಡ ಅದೇ ವಾಸನೆ ಹೊಡೆಯಿತು. "ಯಾವ ಮನೆಹಾಳನಿಗ್ಲಾ ಜ್ವರ ಬಂದಿದ್ದು?" ಎಂದು ಅವ್ವ ಶಪಿಸುತ್ತಿದ್ದರೆ ನಾನು ಮುದ್ದೆ ನುಂಗುತ್ತ ತಲೆಯಾಡಿಸಿದೆ.

ನಮ್ಮ ತರಗತಿಯಲ್ಲಿ ಬೆಟ್ಟದ ಮೇಲಿನ ಕಾಡೂರಿನ ಹುಡುಗಿಯೊಬ್ಬಳಿದ್ದಳು. 2024ರ ಲೋಕಸಭಾ ಚುನಾವಣೆಯಲ್ಲಿ ರಸ್ತೆ, ನೀರಿಲ್ಲವೆಂಬ ಸಿಟ್ಟಿಗೆ ಮತಗಟ್ಟೆ ಧ್ವಂಸವಾಗಿ ಏಪ್ರಿಲ್ 29ಕ್ಕೆ ಮರುಮತದಾನ ನಡೆಯಿತಲ್ಲ ಇಂಡಿಗನತ್ತದಲ್ಲಿ, ಅದರ ಆಸುಪಾಸು. ಅವಳು ಕಾಲುದಾರಿಯಲ್ಲಿ ಬೆಟ್ಟದವರೆಗೆ ನಡೆದು ಬಂದು ಬಸ್ಸು ಹಿಡಿಯಬೇಕು. ನಾನು ಕೇಳಿ ತಿಳಿದ ಆನೆಯನ್ನು ಅವಳು ಕಂಡವಳು, ಮರ ಹತ್ತಿ ಕೂತವಳು. ಶಾರ್ಟೇಜ್ ಪಟ್ಟಿಯಲ್ಲಿ ಅವಳ ಹೆಸರೂ ಇತ್ತು. ಕೊನೆಯ ದಿನ ದಾಟಿದ ಮೇಲೆ ಸಿಕ್ಕಳು.

"ಎಲ್ಲರಿಗೂ ಬರೆದುಕೊಟ್ಟೆನಲ್ಲ, ನೀನ್ಯಾಕೆ ಕೇಳಲಿಲ್ಲ?" ಎಂದೆ.

"ನಂಗೆ ಜ್ವರ ಬಂದಿರ್ನಿಲ್ವಲ್ಲಣ್ಣ" ಅಂದಳು.

ಆ ಸಲ ಅವಳನ್ನು ಪರೀಕ್ಷೆಗೆ ಕೂರಿಸಲಿಲ್ಲ. ನಾನು ಕೂತೆ, ಅರ್ಥಶಾಸ್ತ್ರದಲ್ಲಿ ಫೇಲಾದೆ.