ಒಗ್ಗರಣೆ ಪಂಡಿತ

ಬೆಂಗಳೂರಿನ ಮಧ್ಯಮವರ್ಗದ ಅಡುಗೆಮನೆಗಳಲ್ಲಿ ಭಾನುವಾರ ಬೆಳಗ್ಗೆ ಒಂಬತ್ತರ ಸುಮಾರಿಗೆ ಕಾಣಿಸಿಕೊಂಡು, ಹತ್ತೂವರೆಯೊಳಗೆ ಸೋಫಾಕ್ಕೆ ಮರಳುವ, ನಲವತ್ತು ದಾಟಿದ ಗೃಹಸ್ಥನನ್ನು ವಿವೇಚನೆಯ ಅನುಕೂಲಕ್ಕಾಗಿ ಒಗ್ಗರಣೆ ಪಂಡಿತನೆಂದು ಕರೆಯಬಹುದು. ಬಾಣಲೆಯಲ್ಲಿ ಸಾಸಿವೆ ಸಿಡಿದು ಮುಗಿಯುವ ಅವಧಿಯೊಳಗೆ ಮಾರುಕಟ್ಟೆ, ಜಾಹೀರಾತು, ಸಾಮಾಜಿಕ ಜಾಲತಾಣ ಇವುಗಳಲ್ಲಿ ಯಾವುದಾದರೊಂದರ ಬಗ್ಗೆ ಅಂತಿಮ ತೀರ್ಮಾನ ಕೊಡಬಲ್ಲನಾದ್ದರಿಂದ ಈ ಬಿರುದು ಈತನಿಗೆ ಸಲ್ಲುತ್ತದೆ. ವೃತ್ತಿಯಿಂದ ಈತ ಬ್ಯಾಂಕಿನವನೋ, ವಿಮೆಯವನೋ, ಸಾಫ್ಟ್‌ವೇರಿನವನೋ ಆಗಿರುತ್ತಾನೆ. ಮಾರ್ಕೆಟಿಂಗ್ ವಿಭಾಗದಲ್ಲಿ ನಿಜವಾಗಿ ದುಡಿಯುವವರು ಈ ವರ್ಗದಲ್ಲಿ ವಿರಳ, ಏಕೆಂದರೆ ಅವರು ರಜೆಯ ದಿನ ಆ ಮಾತನ್ನೇ ಎತ್ತುವುದಿಲ್ಲ.

ಅಡುಗೆಯನ್ನು ಶಾಸ್ತ್ರವೆಂದು ಬಗೆದು ಬರೆಯುವ ಪರಂಪರೆ ಕನ್ನಡದಲ್ಲಿ ಹಳೆಯದು. ಹನ್ನೊಂದನೆಯ ಶತಮಾನದ ಎರಡನೆಯ ಚಾವುಂಡರಾಯನ ‘ಲೋಕೋಪಕಾರ’ದಲ್ಲಿ ಪಾಕಕ್ಕೂ ಜಾಗವಿದೆ, ಹದಿನಾರನೆಯ ಶತಮಾನದ ಆದಿಯಲ್ಲಿ ಮೂರನೆಯ ಮಂಗರಸ ‘ಸೂಪಶಾಸ್ತ್ರ’ವೆಂಬ ಕೃತಿಯನ್ನೇ ಪದ್ಯದಲ್ಲಿ ರಚಿಸಿದ. ಪಂಡಿತ ತನ್ನನ್ನು ಈ ಸಾಲಿಗೆ, ಉತ್ಸಾಹ ಹೆಚ್ಚಾದ ದಿನ ನೇರವಾಗಿ ನಳ ಮಹಾರಾಜನ ವಂಶಕ್ಕೆ ಸೇರಿಸಿಕೊಳ್ಳುವುದುಂಟಾದರೂ, ಸಿಗುವ ಆಧಾರಗಳನ್ನು ನೋಡಿದರೆ ಈತನ ಉಗಮ 2020ಕ್ಕಿಂತ ಹಿಂದಕ್ಕೆ ಹೋಗುವುದಿಲ್ಲ. ಲಾಕ್‌ಡೌನಿನ ಆ ವರ್ಷದಲ್ಲಿ ಇನ್‌ಸ್ಟಂಟ್ ಕಾಫಿಪುಡಿ, ಸಕ್ಕರೆ, ಬಿಸಿನೀರನ್ನು ಸಮಪ್ರಮಾಣದಲ್ಲಿ ಸೇರಿಸಿ ಕೈ ಸೋಲುವ ತನಕ ಕಡೆದು ಮಾಡುವ ಡಾಲ್ಗೋನಾ ಕಾಫಿ ಮೊಬೈಲಿನಿಂದ ಮೊಬೈಲಿಗೆ ಹಬ್ಬಿತು. ಡಿಕಾಕ್ಷನ್ ಬಿಟ್ಟು ಬೇರೇನನ್ನೂ ಕಾಫಿಯೆಂದು ಒಪ್ಪದ ಬಸವನಗುಡಿಯ ಮನೆಗಳೊಳಕ್ಕೂ ಇನ್‌ಸ್ಟಂಟ್ ಪುಡಿಯ ಸೀಸೆ ನುಸುಳಿತು. ಜೂನ್ 29ರಂದು ಟಿಕ್‌ಟಾಕ್ ನಿಷೇಧವಾಗಿ, ಜುಲೈನಲ್ಲಿ ಇನ್‌ಸ್ಟಾಗ್ರಾಮ್ ‘ರೀಲ್ಸ್’ ಎಂಬ ಕಿರುವಿಡಿಯೊಗಳನ್ನು ಭಾರತಕ್ಕೆ ತಂದಾಗ, ನೋಡುತ್ತಿದ್ದವನು ತೋರಿಸುವವನಾದ.

ಈತನ ಮುಖ್ಯ ಕೃತಿ ಚಿತ್ರಾನ್ನ. ಕಾದ ಎಣ್ಣೆಗೆ ಸಾಸಿವೆ, ಅದು ಚಟಪಟಗುಟ್ಟಿದ ಮೇಲೆ ಕಡಲೆಬೇಳೆ, ಉದ್ದಿನಬೇಳೆ, ಕಡಲೆಕಾಯಿ ಬೀಜ, ಅವು ಕೆಂಪಗಾದ ಮೇಲೆ ಸೀಳಿದ ಹಸಿಮೆಣಸಿನಕಾಯಿ, ಕರಿಬೇವು, ಚಿಟಿಕೆ ಅರಿಸಿನ; ಒಲೆ ಆರಿಸಿ, ತಣಿದ ಉದುರುದುರಾದ ಅನ್ನವನ್ನೂ ಉಪ್ಪನ್ನೂ ಬೆರೆಸಿ, ಕೊನೆಗೆ ನಿಂಬೆರಸ ಹಿಂಡುವುದು. ಉರಿಯ ಮೇಲಿರುವಾಗಲೇ ಹಿಂಡಿದರೆ ಕಹಿ ಬರುತ್ತದೆಂಬುದನ್ನು ಈತ ಒಂದು ರೀಲಿನಿಂದ ಕಲಿತು, ‘ಸೀಕ್ರೆಟ್ ಟಿಪ್’ ಎಂಬ ಹೆಸರಿನಲ್ಲಿ, ಇಪ್ಪತ್ತೈದು ವರ್ಷ ಹಾಗೆಯೇ ಮಾಡಿ ತನ್ನನ್ನು ಸಾಕಿದ ತಾಯಿಗೆ ಬೋಧಿಸುತ್ತಾನೆ. ‘ಹೌದೇನೋ ಮಗ?’ ಎಂದಷ್ಟೇ ಹೇಳಿ ಆಕೆ ಕರಿಬೇವು ಬಿಡಿಸುವುದನ್ನು ಮುಂದುವರಿಸುತ್ತಾರೆ.

ವಿಡಿಯೊದ ಮೇಲಿರುವ ಶೀರ್ಷಿಕೆ ‘ಐದೇ ನಿಮಿಷದಲ್ಲಿ’ ಎಂದು. ಲೆಕ್ಕ ಸುಳ್ಳಲ್ಲ, ಆರಂಭ ಎಲ್ಲಿಂದ ಎಂಬುದಷ್ಟೇ ಪ್ರಶ್ನೆ. ಅಕ್ಕಿ ತೊಳೆದು ಕುಕ್ಕರಿಗಿಟ್ಟದ್ದು, ಮೂರನೆಯ ಸೀಟಿಗೆ ಉರಿ ಆರಿಸಿದ್ದು, ಮುದ್ದೆಗಟ್ಟದಂತೆ ಅನ್ನವನ್ನು ಹರಿವಾಣದಲ್ಲಿ ಹರವಿ ಎಣ್ಣೆ ಸವರಿ ಆರಲು ಬಿಟ್ಟದ್ದು, ನಿಂಬೆಹಣ್ಣಿಲ್ಲವೆಂದು ಬೆಳಗ್ಗೆಯೇ ಗೊತ್ತಾಗಿ ತಳ್ಳುಗಾಡಿಯವನನ್ನು ಕೂಗಿ ನಿಲ್ಲಿಸಿದ್ದು, ಇವೆಲ್ಲ ಪಂಡಿತ ಏಳುವ ಮುಂಚೆ ಹೆಂಡತಿಯ ಕೈಯಲ್ಲಿ ನಡೆದುಹೋಗಿರುತ್ತವೆ. ಈತನ ಶಾಸ್ತ್ರದಲ್ಲಿ ಅನ್ನವೆಂಬುದು ಗಾಳಿ, ಬೆಳಕುಗಳಂತೆ ಮನೆಯಲ್ಲಿ ಇದ್ದೇ ಇರುವ ವಸ್ತು.

ಇದೇ ಮನುಷ್ಯ ಬೇರೆಯವರ ವಿಡಿಯೊ ನೋಡುವಾಗ ಪತ್ತೇದಾರನಾಗುತ್ತಾನೆಂಬುದು ಗಮನಾರ್ಹ. ದರ್ಶಿನಿಯೊಂದರ ಮುಂದೆ ನಿಂತು ತುಪ್ಪದ ಇಡ್ಲಿಗೆ ಕಣ್ಣು ಮುಚ್ಚಿ ತಲೆದೂಗುವ ಹುಡುಗಿಯನ್ನು ಕಂಡೊಡನೆ ‘ಇದು ಪೇಯ್ಡ್’ ಎಂದು, ಅಂದರೆ ಹೊಗಳಿಕೆಗೆ ಹಣ ಸಂದಿದೆಯೆಂದು, ಘೋಷಿಸುತ್ತಾನೆ. ಹೀಗೆ ಹಣ ಪಡೆದು ಶಿಫಾರಸು ಮಾಡುವ ಪ್ರಭಾವಿಗಳು ಅದು ಜಾಹೀರಾತೆಂದು ಸ್ಪಷ್ಟವಾಗಿ ನಮೂದಿಸಬೇಕೆಂದು ಭಾರತೀಯ ಜಾಹೀರಾತು ಮಾನದಂಡ ಮಂಡಳಿ 2021ರಲ್ಲೇ ಮಾರ್ಗಸೂಚಿ ಹೊರಡಿಸಿದೆಯಲ್ಲ, ಯಾರು ಪಾಲಿಸುತ್ತಾರೆ, ತೆರೆಮರೆಯ ಸಹಾಯವನ್ನು ಮುಚ್ಚಿಡುವುದು ನೋಡುಗರಿಗೆ ಬಗೆವ ದ್ರೋಹವಲ್ಲವೇ ಎಂದು ಕೇಳುತ್ತಾನೆ. ಹೆಂಡತಿ ಈ ಮಾತಿನುದ್ದಕ್ಕೂ ಹರಿವಾಣ ಹಿಡಿದುಕೊಂಡು ಪಕ್ಕದಲ್ಲಿಯೇ ನಿಂತಿರುತ್ತಾಳೆ.

ಈತನ ಸಿದ್ಧಾಂತಗಳಲ್ಲಿ ಅತ್ಯಂತ ಪ್ರಿಯವಾದದ್ದು ಮೊಟ್ಟೆಯ ಕಥೆ. ಅಮೆರಿಕದಲ್ಲಿ ನೀರು ಬೆರೆಸಿದರೆ ಸಾಕು ಎನ್ನುವ ಕೇಕ್ ಮಿಶ್ರಣವನ್ನು ಗೃಹಿಣಿಯರು ಮುಟ್ಟಲಿಲ್ಲವೆಂದೂ, ಅಡುಗೆ ಮಾಡಿದ ತೃಪ್ತಿ ಸಿಗಲೆಂದು ಮೊಟ್ಟೆಯನ್ನು ಅವರೇ ಒಡೆದು ಹಾಕುವಂತೆ ಬದಲಾಯಿಸಿದ ಮೇಲೆ 1950ರ ದಶಕದಲ್ಲಿ ಮಾರಾಟ ನೆಗೆಯಿತೆಂದೂ ಹೇಳುವ ಈ ಕಥೆಯನ್ನು ಅಪಾರ್ಟ್‌ಮೆಂಟಿನ ಯಾವ ಹುಟ್ಟುಹಬ್ಬವೂ ತಪ್ಪಿಸಿಕೊಂಡಿಲ್ಲ. ತಾಜಾ ಮೊಟ್ಟೆ ಸೇರಿಸುವ ಮಿಶ್ರಣಕ್ಕೆ ಪಿಟ್ಸ್‌ಬರ್ಗಿನ ಡಫ್ ಎಂಬ ಸಂಸ್ಥೆ 1930ರ ದಶಕದಲ್ಲೇ ಪೇಟೆಂಟ್ ಪಡೆದಿತ್ತೆಂಬ ಸಂಗತಿ ಕಥೆಯ ಓಟಕ್ಕೆ ಅಡ್ಡಿಯಾಗುವುದರಿಂದ ಈತ ಅದನ್ನು ಕೈಬಿಟ್ಟಿರುತ್ತಾನೆ. ಜಾಮೂನು ಮಿಕ್ಸಿನಲ್ಲಿ ಉಂಡೆ ಕಟ್ಟುವುದನ್ನೂ, ಕರಿಯುವುದನ್ನೂ, ಪಾಕ ಕಾಯಿಸುವುದನ್ನೂ ಮನೆಯವರಿಗೇ ಬಿಟ್ಟಿರುವುದು ಕೂಡ ಇದೇ ಮನಶ್ಶಾಸ್ತ್ರವಂತೆ. ಒಡೆದುಹೋದ ಜಾಮೂನನ್ನು ಪಾಕದಿಂದ ಆರಿಸುತ್ತಿದ್ದ ಹೆಂಡತಿಯನ್ನು ಆಕೆಗೆ ಸಿಕ್ಕ ತೃಪ್ತಿಯ ಪ್ರಮಾಣವೆಷ್ಟೆಂದು ಕೇಳಿದಾಗ ಬಂದ ಉತ್ತರ, ‘ರೀ, ಆ ಕಡೆ ಹೋಗಿ.’

ಎಂಟಿಆರ್‌ನ ಇತಿಹಾಸವೂ ಈತನಿಗೆ ಕಂಠಪಾಠ. 1975ರ ತುರ್ತುಪರಿಸ್ಥಿತಿಯ ಕಾಲದಲ್ಲಿ ಹೋಟೆಲ್ ತಿಂಡಿಗಳ ಬೆಲೆಯನ್ನು ಸರ್ಕಾರ ಬಿಗಿಹಿಡಿದಾಗ ಆ ಸಂಸ್ಥೆ ದಿಢೀರ್ ಮಿಶ್ರಣಗಳ ಮಾರಾಟಕ್ಕೆ ಇಳಿದದ್ದನ್ನು ಈತ ‘ಪಿವಟ್’ ಎನ್ನುತ್ತಾನೆ, ಎಂದರೆ ವ್ಯಾಪಾರದ ದಿಕ್ಕನ್ನೇ ತಿರುಗಿಸುವುದು. ಉಪ್ಪಿಟ್ಟಿಗೆ ನೀರು ಹೆಚ್ಚಾದಾಗ ಅದನ್ನು ‘ರವೆ ಪೊಂಗಲ್’ ಎಂದು ಬಡಿಸಿದ ದಿನವೂ ಇದೇ ಪದ ಬಳಕೆಯಾಯಿತು.

ಅಲ್ಗಾರಿದಮ್ ಎಂದರೆ, ಯಾರಿಗೆ ಯಾವ ವಿಡಿಯೊ ಕಾಣಬೇಕೆಂದು ತೀರ್ಮಾನಿಸುವ ಗಣಕದ ನಿಯಮಾವಳಿ. ತನ್ನ ಚಿತ್ರಾನ್ನವನ್ನು ಕೆಲವೇ ಜನ, ಅವರಲ್ಲೂ ಹೆಚ್ಚಿನವರು ಮೈಸೂರಿನ ನೆಂಟರು, ನೋಡಿದರೆಂಬುದಕ್ಕೆ ಪಂಡಿತ ಹೊಣೆ ಮಾಡುವುದು ಇದನ್ನೇ. ಹಿಂದಿನವರು ಶನಿಕಾಟವೆಂದು ಸುಮ್ಮನಾಗುತ್ತಿದ್ದ ಕಡೆ ಈತ ಹೊಸ ಟ್ರೈಪಾಡ್ ಕೊಳ್ಳುತ್ತಾನೆ. ಯೂಟ್ಯೂಬ್ 2012ರಿಂದ ಎಷ್ಟು ಜನ ತೆರೆದರೆಂಬುದಕ್ಕಿಂತ ಎಷ್ಟು ಹೊತ್ತು ನೋಡಿದರೆಂಬುದಕ್ಕೆ ಬೆಲೆ ಕೊಡುತ್ತಿದೆಯೆಂದು ತಿಳಿದಿರುವ ಈತ, ನೋಡುಗರನ್ನು ಓಡಿಸುವ ದೃಶ್ಯಗಳನ್ನು ಕತ್ತರಿಸುವುದರಲ್ಲಿ ನಿಷ್ಠುರ. ಪಾತ್ರೆ ತೊಳೆಯುವ ದೃಶ್ಯಕ್ಕೆ ಯಾರೂ ನಿಲ್ಲುವುದಿಲ್ಲವೆಂಬ ಕಾರಣದಿಂದ ಆ ಹಂತಕ್ಕೆ ಮೊದಲೇ ಕ್ಯಾಮೆರಾ ನಿಲ್ಲಿಸುತ್ತಾನೆ. ಕ್ಯಾಮೆರಾ ನಿಂತ ಮೇಲೆ ತಾನು ಅಲ್ಲಿ ನಿಲ್ಲುವುದಕ್ಕೂ ಕಾರಣ ಕಾಣುವುದಿಲ್ಲ. ಒಂದು ಬಾಣಲೆಯ ಅಡುಗೆಗೆ ಆರು ಬಟ್ಟಲು, ಮೂರು ಚಮಚ, ಎರಡು ಜರಡಿ ಸಿಂಕಿನಲ್ಲಿ ಹೇಗೆ ಸೇರುತ್ತವೆಂಬುದು ಪ್ರತ್ಯೇಕ ಅಧ್ಯಯನಕ್ಕೆ ಯೋಗ್ಯವಾದ ವಿಷಯ.

ಕಳೆದ ಯುಗಾದಿಯ ಹಿಂದಿನ ವಾರ ಪಂಡಿತ ‘ಹತ್ತೇ ನಿಮಿಷದಲ್ಲಿ ಹೋಳಿಗೆ’ ಎಂಬ ಸಂಚಿಕೆಯನ್ನು ಪ್ರಕಟಿಸಿ, ಬೇಳೆ ಬೇಯಿಸುವುದು, ಹೂರಣ ರುಬ್ಬುವುದು, ಕಣಕ ನಾದಿ ನೆನೆಯಿಡುವುದು, ಈ ಸಣ್ಣಪುಟ್ಟ ಪೂರ್ವಸಿದ್ಧತೆಯನ್ನು ಮನೆಯವರು ನೋಡಿಕೊಳ್ಳುತ್ತಾರೆಂದು ಸೂಚಿಸಿದ. ತಾಯಿಗೆ ಅಂದೇ ತುಮಕೂರಿನಲ್ಲಿ ನೆಂಟರೊಬ್ಬರ ಮಗುವಿನ ನಾಮಕರಣವಿರುವುದು ನೆನಪಾಯಿತು. ಸೊಸೆಯೂ ಜೊತೆಯಲ್ಲಿ ಬರಲೇಬೇಕೆಂದು ಅವರು ಪಟ್ಟು ಹಿಡಿದರು.