ಕೋಸಂಬರಿಗೆ ಬಡ್ತಿ

ಬಿಪಿ ಬಂತೆಂದರೆ ನಮ್ಮ ಮನೆಗಳಲ್ಲಿ ಮೊದಲ ಶಿಕ್ಷೆ ಸಾರಿಗೆ. ಪಾಪ, ಅದನ್ನು ಸಪ್ಪೆ ಮಾಡಿ, ಆ ಸಪ್ಪೆಯನ್ನು ಗಂಟಲಿಗಿಳಿಸಲು ಎರಡು ಹೋಳು ಮಾವಿನಕಾಯಿ ಉಪ್ಪಿನಕಾಯಿ, ಒಂದು ಹಪ್ಪಳ, ನಾಲ್ಕು ಬಾಳಕದ ಮೆಣಸಿನಕಾಯಿ ನಂಚಿಕೊಳ್ಳುತ್ತೇವೆ. ಸಾರಿನಲ್ಲಿ ಉಳಿಸಿದ ಉಪ್ಪು ಬಡ್ಡಿ ಸಮೇತ ಹೊಟ್ಟೆ ಸೇರುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯ ಪ್ರಕಾರ ದಿನದ ಉಪ್ಪು 5 ಗ್ರಾಂ ದಾಟಬಾರದು. ಅಂದರೆ ಹೆಚ್ಚುಕಡಿಮೆ ಒಂದು ಟೀ ಚಮಚ. ಬೆಳಗಿನ ಉಪ್ಪಿಟ್ಟು, ಮಧ್ಯಾಹ್ನದ ಹುಳಿ, ಸಂಜೆಯ ಖಾರಾ ಬನ್ನು, ರಾತ್ರಿಯ ಮಜ್ಜಿಗೆ ಎಲ್ಲವೂ ಆ ಒಂದೇ ಚಮಚದಲ್ಲಿ ಸಂಸಾರ ಮಾಡಬೇಕು. ಉಪ್ಪು ತಿಂದವನು ನೀರು ಕುಡಿಯಲೇಬೇಕು ಎಂಬುದನ್ನು ನಾವು ನೀತಿಯೆಂದುಕೊಂಡಿದ್ದೇವೆ. ಅದು ಅಪ್ಪಟ ಶರೀರಶಾಸ್ತ್ರ. ಸೋಡಿಯಂ ನೀರನ್ನು ಹಿಡಿದಿಟ್ಟುಕೊಳ್ಳುತ್ತದೆ, ನಾಳಗಳಲ್ಲಿ ರಕ್ತದ ಪ್ರಮಾಣ ಹೆಚ್ಚುತ್ತದೆ, ಒತ್ತಡ ಏರುತ್ತದೆ.

ಆದರೆ ಬರೀ ಕಳೆಯುವ ಲೆಕ್ಕದಿಂದ ಊಟ ನಡೆಯುವುದಿಲ್ಲ, ಕೂಡುವ ಲೆಕ್ಕವೂ ಬೇಕು. 1997ರಲ್ಲಿ ಪ್ರಕಟವಾದ ಅಮೆರಿಕದ ‘ಡ್ಯಾಶ್’ ಅಧ್ಯಯನದಲ್ಲಿ ಉಪ್ಪಿನ ಪ್ರಮಾಣವನ್ನು ಇದ್ದಷ್ಟೇ ಇಟ್ಟು, ತರಕಾರಿ, ಹಣ್ಣು, ಕೊಬ್ಬು ಕಡಿಮೆಯಿರುವ ಹಾಲು-ಮೊಸರು ಹೆಚ್ಚಿಸಿದಾಗಲೇ ಒತ್ತಡ ಇಳಿಯಿತು. 2001ರಲ್ಲಿ ಪ್ರಕಟವಾದ ಮುಂದಿನ ಅಧ್ಯಯನದಲ್ಲಿ ಉಪ್ಪನ್ನೂ ಇಳಿಸಿ ನೋಡಿದರು, ಇನ್ನಷ್ಟು ಇಳಿಯಿತು. ಸೊಪ್ಪು, ಕಾಳು, ಬಾಳೆಹಣ್ಣಿನಲ್ಲಿರುವ ಪೊಟ್ಯಾಸಿಯಂ ಸೋಡಿಯಂ ಅನ್ನು ಮೂತ್ರದಲ್ಲಿ ಹೊರಗಟ್ಟಲು ಮೂತ್ರಪಿಂಡಕ್ಕೆ ನೆರವಾಗುತ್ತದೆ. ನಮ್ಮ ಎಲೆಯ ಮೇಲೆ ಈ ಕೆಲಸಕ್ಕೆ ಯೋಗ್ಯ ಅಭ್ಯರ್ಥಿ ಕೋಸಂಬರಿ. ಎಷ್ಟು ವರ್ಷದ ಸೇವೆಯಾದರೂ ಅದಕ್ಕೆ ಸಿಗುವುದು ಒಂದೇ ಚಮಚದ ಜಾಗ. ನೆನೆಸಿದ ಹೆಸರುಬೇಳೆ, ಹೆಚ್ಚಿದ ಸೌತೆಕಾಯಿ, ಕೊತ್ತಂಬರಿ ಸೊಪ್ಪು, ಮೇಲೊಂದಿಷ್ಟು ನಿಂಬೆರಸ. ಮೊದಲೇ ಉಪ್ಪು ಹಾಕಿದರೆ ಸೌತೆ ನೀರು ಬಿಡುತ್ತದೆಂದು ಬಡಿಸುವ ಹೊತ್ತಿಗೆ ಹಾಕುವುದು ರೂಢಿ. ಆ ಹೊತ್ತಿನಲ್ಲಿ ಕೈ ಮರೆತರೂ ನಿಂಬೆ ಮಾನ ಕಾಪಾಡುತ್ತದೆ. ಕೋಸಂಬರಿಗೆ ಒಂದು ಬಟ್ಟಲಿನಷ್ಟು ಬಡ್ತಿ ಕೊಟ್ಟು, ಉಪ್ಪಿನಕಾಯಿಯನ್ನು ಹಬ್ಬದ ದಿನಕ್ಕೆ ವರ್ಗ ಮಾಡುವುದು ನ್ಯಾಯ.

ತಕರಾರುಗಳು ಇಲ್ಲದಿಲ್ಲ. ‘ನಾವು ಸೈಂಧವ ಲವಣ ಬಳಸುತ್ತೇವೆ’ ಎಂಬುದು ಮೊದಲನೆಯದು. ಅದೂ ಬಹುಪಾಲು ಸೋಡಿಯಂ ಕ್ಲೋರೈಡೇ. ಗುಲಾಬಿ ಬಣ್ಣ ನೋಡಿ ರಕ್ತನಾಳ ಮರುಳಾಗುವುದಿಲ್ಲ. ‘ನಮ್ಮಜ್ಜ ಜಾಡಿಗಟ್ಟಲೆ ತಿಂದು ಗಟ್ಟಿಯಾಗಿದ್ದರು’ ಎಂಬುದು ಎರಡನೆಯದು. ಅಜ್ಜ ಬಿಸಿಲಲ್ಲಿ ಬೆವರು ಸುರಿಸುತ್ತಿದ್ದರು, ನಾವು ಫ್ಯಾನಿನಡಿ ಕೂತಿದ್ದೇವೆ. ಅಲ್ಲದೆ ತೋಳಿಗೆ ಪಟ್ಟಿ ಸುತ್ತಿ ಬಿಪಿ ಅಳೆಯುವ ಸಾಧನ 1896ರಲ್ಲಿ ಇಟಲಿಯಲ್ಲಿ ಬಂದರೂ ನಮ್ಮ ಹಳ್ಳಿಗಳಿಗೆ ಬರಲು ಅವಸರ ಮಾಡಲಿಲ್ಲ. ಅಳೆಯದ ಬಿಪಿ ಯಾವತ್ತೂ ನಾರ್ಮಲ್. ಮೂರನೆಯದು ರುಚಿಯದು, ಇದು ಮಾತ್ರ ನಿಜವಾದ ತಕರಾರು. ಆದರೆ ನಾಲಿಗೆ ಹಠಮಾರಿಯಲ್ಲ; ಉಪ್ಪನ್ನು ಮೆಲ್ಲಗೆ ಇಳಿಸುತ್ತ ಹೋದರೆ ಕೆಲವು ವಾರಗಳಲ್ಲಿ ಒಗ್ಗಿಕೊಂಡು, ಹಳೆಯ ಅಳತೆಯ ಸಾರನ್ನೇ ‘ಉಪ್ಪುಪ್ಪು’ ಎನ್ನುತ್ತದೆ.

ಇಷ್ಟೆಲ್ಲ ಆಯಿತೆಂದು ಮಾತ್ರೆಯ ಕೆಲಸವನ್ನು ಕೋಸಂಬರಿಗೆ ಒಪ್ಪಿಸಿಬಿಡಬೇಡಿ. ಮೂತ್ರಪಿಂಡದ ತೊಂದರೆಯಿರುವವರು ಪೊಟ್ಯಾಸಿಯಂ ಹೆಚ್ಚಿರುವ ಎಳನೀರು, ಕಡಿಮೆ ಸೋಡಿಯಂ ಉಪ್ಪುಗಳಿಗೆ ಕೈಹಾಕುವ ಮುನ್ನ ವೈದ್ಯರನ್ನು ಕೇಳಲೇಬೇಕು. ಉಳಿದವರು ಮೊದಲು ಉಪ್ಪಿನಕಾಯಿ ಜಾಡಿಯನ್ನು ಕೈಗೆಟುಕದ ಅಟ್ಟದ ಮೇಲಿಡಿ. ಹತ್ತಿ ಇಳಿದರೆ ವ್ಯಾಯಾಮವಾದರೂ ಆದೀತು.